ನಿಮಗಿದು ಗೊತ್ತೆ? ಸ್ಕ್ಯಾನಿನಲ್ಲಿ ಕಾಣುವ ಶಾವಿಗೆ
ಸ್ತನದ ಇಂಪ್ಲಾಂಟ್‌ನಲ್ಲಿ ಉಪ್ಪುನೀರಿದ್ದರೆ, ಒಡೆದದ್ದು ಕನ್ನಡಿ ಮುಂದೆ ನಿಂತರೇ ಗೊತ್ತಾಗುತ್ತದೆ. ನೀರನ್ನು ಮೈ ಹೀರಿಕೊಂಡು ಆ ಬದಿ ಗಾಳಿ ಹೋದ ಬಲೂನಿನಂತೆ ಇಳಿದಿರುತ್ತದೆ. ಸಿಲಿಕೋನ್ ಜೆಲ್‌ನದು ಮಾತ್ರ ಕಳ್ಳಹೆಜ್ಜೆ. ಚೀಲ ಹರಿದರೂ ಸುತ್ತ ದೇಹವೇ ಕಟ್ಟಿಕೊಂಡ ಪೊರೆ ಜೆಲ್ಲನ್ನು ಹಿಡಿದಿಟ್ಟಿರುತ್ತದೆ. ಎಷ್ಟೋ ಸಲ ನೋವೂ ಇರದು, ಆಕಾರವೂ ಕೆಡದು. ಎಂಆರ್‌ಐ ಮಾಡಿದರೆ, ಕುಸಿದ ಚೀಲದ ಮಡಿಕೆಗಳು ಪಾಯಸದೊಳಗಿನ ಶಾವಿಗೆ ಎಳೆಗಳಂತೆ ಕಾಣುತ್ತವೆ. ವೈದ್ಯರೂ ಇದಕ್ಕೆ ಇಟ್ಟಿರುವುದು ಇಟಲಿಯ ಶಾವಿಗೆಯ ಹೆಸರನ್ನೇ: ‘ಲಿಂಗ್ವೀನಿ ಚಿಹ್ನೆ’!

ಅದಕ್ಕೇ ಅಮೆರಿಕದ ಆಹಾರ–ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ, ಸಿಲಿಕೋನ್ ಇಂಪ್ಲಾಂಟ್ ಇರುವವರಿಗೆ ತೊಂದರೆ ಇಲ್ಲದಿದ್ದರೂ ಶಸ್ತ್ರಚಿಕಿತ್ಸೆಯಾದ 5–6 ವರ್ಷಕ್ಕೆ, ಆಮೇಲೆ 2–3 ವರ್ಷಕ್ಕೊಮ್ಮೆ ಎಂಆರ್‌ಐ ಅಥವಾ ಅಲ್ಟ್ರಾಸೌಂಡ್ ಮಾಡಿಸಲು ಹೇಳಿತು. ಒಡೆದಿದ್ದರೆ ಸಾಮಾನ್ಯವಾಗಿ ತೆಗೆಸುವುದೇ ಚಿಕಿತ್ಸೆ. ವರ್ಷಗಳ ನಂತರ ಒಂದು ಬದಿ ಊದಿಕೊಂಡರೆ ತಡ ಮಾಡಬೇಡಿ: ಲಿಂಫೋಮಾ ಎಂಬ ಅಪರೂಪದ ಕ್ಯಾನ್ಸರ್ ಹೀಗೂ ತಲೆದೋರುತ್ತದೆ.