ಸಂದೇಹಕ್ಕೂ ಹಣವಿತ್ತ ಸಂಸ್ಥೆ

ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ನಮ್ಮ ಗಾದೆಯನ್ನು ಅಮೆರಿಕದ ಪೊಲೀಸರು ಕೇಳಿದವರಲ್ಲವಾದರೂ, 1970ರ ದಶಕದವರೆಗೆ ಅವರ ನಡವಳಿಕೆಯೆಲ್ಲ ಅದಕ್ಕೇ ಬರೆದ ಭಾಷ್ಯದಂತಿತ್ತು. ಪೆಟ್ಟು ತಿಂದ ಹೆಂಗಸು ದೂರವಾಣಿಯಲ್ಲಿ ಮೊರೆಯಿಟ್ಟರೆ ಪೇದೆ ಬರುವನು, ಇಬ್ಬರಿಗೂ ನಾಲ್ಕು ಬುದ್ಧಿಮಾತು ಹೇಳುವನು, ಹೆಚ್ಚೆಂದರೆ ಗಂಡಸನ್ನು ಸ್ವಲ್ಪ ಹೊತ್ತು ಹೊರಗೆ ತಿರುಗಾಡಿಕೊಂಡು ಬರುವಂತೆ ತಿಳಿಸಿ ಹೊರಟುಹೋಗುವನು. ದಸ್ತಗಿರಿಯೆಂಬುದು ಬೀದಿಯ ಪುಂಡನಿಗೇ ಹೊರತು ಮನೆಯ ಯಜಮಾನನಿಗಲ್ಲ. ಈ ರೂಢಿಯ ಯುಕ್ತಾಯುಕ್ತತೆಯನ್ನು ಕುರಿತು ನ್ಯಾಯವಾದಿಗಳೂ ಸ್ತ್ರೀಹಕ್ಕಿನ ಪಕ್ಷದವರೂ ವಾದಿಸುತ್ತಿದ್ದ ಕಾಲದಲ್ಲಿ, ಯಾವ ಉಪಾಯದಿಂದ ಆ ಹೆಂಗಸಿಗೆ ಮತ್ತೆ ಪೆಟ್ಟು ಬೀಳುವುದು ಕಡಿಮೆಯಾಗುತ್ತದೆಂಬುದನ್ನು ಎಣಿಸಿಯೇ ನೋಡಬಹುದಲ್ಲವೆ ಎಂದು ಕೇಳಿದ ಸಂಶೋಧಕರಿಗೆ, ಎಣಿಕೆಗೆ ಬೇಕಾದ ಹಣವನ್ನು ಒದಗಿಸಿದ ಸರಕಾರಿ ಸಂಸ್ಥೆಯೊಂದುಂಟು. ಅದೇ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಜಸ್ಟಿಸ್.

ಅಧ್ಯಕ್ಷ ಲಿಂಡನ್ ಜಾನ್ಸನ್ನರು 1968ರಲ್ಲಿ ಸಹಿ ಹಾಕಿದ ಅಪರಾಧ ನಿಯಂತ್ರಣ ಕಾಯಿದೆಯಿಂದ ಬೇರೊಂದು ಹೆಸರಿನಲ್ಲಿ ಹುಟ್ಟಿ, 1979ರ ಶಾಸನದಿಂದ ಈಗಿನ ಹೆಸರನ್ನು ಪಡೆದ ಈ ಸಂಸ್ಥೆ ಅಲ್ಲಿಯ ಕೇಂದ್ರ ನ್ಯಾಯ ಇಲಾಖೆಯ ಸಂಶೋಧನಾಂಗ. ಅದು ಯಾರನ್ನೂ ಹಿಡಿಯುವುದಿಲ್ಲ, ಯಾರ ಮೇಲೂ ಮೊಕದ್ದಮೆ ಹೂಡುವುದಿಲ್ಲ. ತನಗೆ ಉತ್ತರ ಬೇಕಾದ ವಿಷಯಗಳನ್ನು ಪ್ರಕಟಿಸಿ, ವಿಶ್ವವಿದ್ಯಾನಿಲಯಗಳಿಂದಲೂ ಖಾಸಗಿ ಸಂಶೋಧನಾಲಯಗಳಿಂದಲೂ ಅರ್ಜಿ ತರಿಸಿ, ಬಲ್ಲವರಿಂದ ಅವುಗಳನ್ನು ತೂಗಿಸಿ ಅನುದಾನ ಕೊಡುವುದೇ ಅದರ ಮುಖ್ಯ ಕಸಬು. ಅನುದಾನದ ಜೊತೆಗೊಂದು ಕರಾರೂ ಉಂಟು: ಸಂಗ್ರಹಿಸಿದ ದತ್ತಾಂಶವನ್ನು ಮಿಚಿಗನ್ ವಿಶ್ವವಿದ್ಯಾನಿಲಯದಲ್ಲಿರುವ ಭಂಡಾರಕ್ಕೆ ಒಪ್ಪಿಸಬೇಕು, ಬೇರೆ ಪಂಡಿತರು ಅದನ್ನು ತೆಗೆದು ಲೆಕ್ಕವನ್ನು ಮತ್ತೊಮ್ಮೆ ಹಾಕಿ ನೋಡಬಹುದು. ಕೇಳುವುದಕ್ಕೆ ಗುಮಾಸ್ತರ ನಿಯಮದಂತೆ ತೋರುವ ಈ ಕರಾರಿನ ಮಹಿಮೆ ಮುಂದೆ ತಿಳಿಯುತ್ತದೆ.

1981ರ ಮಾರ್ಚಿನಿಂದ 1982ರ ಆಗಸ್ಟಿನವರೆಗೆ ಮಿನಿಯಾಪೊಲಿಸ್ ನಗರದಲ್ಲಿ, ಈ ಸಂಸ್ಥೆಯ ಹಣದಿಂದ, ಪೊಲೀಸ್ ಫೌಂಡೇಷನ್ ಎಂಬ ಖಾಸಗಿ ಸಂಶೋಧನಾಲಯದ ಲಾರೆನ್ಸ್ ಶೆರ್ಮನ್ನರೂ ಅವರ ಜೊತೆಗೆ ರಿಚರ್ಡ್ ಬರ್ಕ್ ಅವರೂ ನಡೆಸಿದ ಪ್ರಯೋಗ ಪ್ರಸಿದ್ಧವಾದುದು. ಅದರಲ್ಲಿ ಭಾಗವಹಿಸಿದ ಪ್ರತಿ ಪೇದೆಯ ಕೈಯಲ್ಲೂ ಮೂರು ಬಣ್ಣದ ಹಾಳೆಗಳನ್ನು ಕ್ರಮವಿಲ್ಲದೆ ಬೆರೆಸಿ ಕಟ್ಟಿದ ವರದಿಪುಸ್ತಕವೊಂದಿರುತ್ತಿತ್ತು. ಗಾಯ ತೀವ್ರವಲ್ಲದ ಹೊಡೆದಾಟದ ಮನೆಗೆ ಹೋದಾಗ ಮೇಲಿನ ಹಾಳೆ ಯಾವ ಬಣ್ಣದ್ದೋ ಆ ಬಣ್ಣ ವಿಧಿಸಿದಂತೆ ದಸ್ತಗಿರಿ ಮಾಡಬೇಕು, ಇಲ್ಲವೆ ಬುದ್ಧಿ ಹೇಳಬೇಕು, ಅದೂ ಇಲ್ಲವೆ ಹೊಡೆದವನನ್ನು ಎಂಟು ಗಂಟೆಯ ಕಾಲ ಮನೆಯಿಂದ ಹೊರಗೆ ಕಳುಹಿಸಬೇಕು. ಒಬ್ಬ ಹೆಂಗಸಿನ ಕ್ಷೇಮವನ್ನು ಹೀಗೆ ಚೀಟಿ ಎತ್ತಿ ನಿರ್ಣಯಿಸುವುದು ಧರ್ಮವೆ ಎಂದು ಓದುಗರು ಕೇಳಿದರೆ ಆ ಪ್ರಶ್ನೆ ಅಲ್ಪವಾದುದಲ್ಲ. ನನಗೆ ತೋರುವುದಿಷ್ಟು: ಮೂರರಲ್ಲಿ ಯಾವುದು ಲೇಸೆಂದು ಯಾರಿಗೂ ತಿಳಿಯದಿದ್ದಾಗ ಪೇದೆಯ ಮರ್ಜಿಯೂ ಒಂದು ಚೀಟಿಯೇ; ಅದರ ಫಲವನ್ನು ಯಾರೂ ಬರೆದಿಡುತ್ತಿರಲಿಲ್ಲವೆಂಬುದಷ್ಟೇ ಭೇದ. ಮೇಲಾಗಿ, ಮುಂದಿನ ಹಾಳೆಯ ಬಣ್ಣ ಮೊದಲೇ ಕಾಣುವಂತಿದ್ದುದರಿಂದ ಆ ಮರ್ಜಿ ಪ್ರಯೋಗದೊಳಕ್ಕೂ ನುಸುಳಿರಬಹುದೆಂದು ಟೀಕಾಕಾರರು ಆಮೇಲೆ ಎತ್ತಿ ತೋರಿಸಿದರು.

ಲೆಕ್ಕಕ್ಕೆ ಒದಗಿದ ಪ್ರಕರಣಗಳು 314. ಆರು ತಿಂಗಳೊಳಗೆ ಮತ್ತೆ ಕೈಯೆತ್ತಿದವರ ಪ್ರಮಾಣ, ಪೊಲೀಸ್ ದಾಖಲೆಯ ಪ್ರಕಾರ, ದಸ್ತಗಿರಿಯಾದವರಲ್ಲಿ ಶೇಕಡಾ 10, ಬುದ್ಧಿಮಾತು ಕೇಳಿದವರಲ್ಲಿ 19, ಹೊರಗೆ ಕಳುಹಿಸಲ್ಪಟ್ಟವರಲ್ಲಿ 24. ಪತ್ರಿಕೆಗಳು ಇದನ್ನು ಸಾರಿದುವು. 1984ರಲ್ಲಿ ಸರಕಾರದ ಕಾರ್ಯತಂಡವೊಂದು ದಸ್ತಗಿರಿಯ ಪಕ್ಷವನ್ನೇ ಹಿಡಿಯಿತು. ರಾಜ್ಯದ ಮೇಲೆ ರಾಜ್ಯ ದಸ್ತಗಿರಿಯನ್ನು ಕಡ್ಡಾಯ ಮಾಡುವ ಕಾನೂನನ್ನು ತಂದಿತು.

ಇಷ್ಟು ಕೀರ್ತಿಯನ್ನು ಗಳಿಸಿದ ಮೇಲೆ ಸಾಮಾನ್ಯವಾಗಿ ಇಲಾಖೆಗಳು ತೃಪ್ತಿಯಿಂದ ಕೈಕಟ್ಟಿ ಕೂರುವುವು. ಈ ಸಂಸ್ಥೆಯಾದರೋ ತನ್ನ ಅತ್ಯಂತ ಪ್ರಸಿದ್ಧವಾದ ಫಲಿತಾಂಶ ನಿಜವೇ ಎಂದು ಪರೀಕ್ಷಿಸುವುದಕ್ಕೆ ಮತ್ತೆ ಹಣ ಕೊಟ್ಟಿತು; ಈ ಸಂಸ್ಥೆಯನ್ನು ಪರಿಚಯ ಮಾಡಿಕೊಡಲು ನಾನು ಮುಖ್ಯವಾಗಿ ಆರಿಸಿಕೊಂಡ ಕಾರಣವೂ ಇದೇ. ಒಮಾಹಾ, ಷಾರ್ಲಟ್, ಮಿಲ್ವಾಕಿ, ಕೊಲೊರಾಡೊ ಸ್ಪ್ರಿಂಗ್ಸ್ ನಗರಗಳಲ್ಲಿಯೂ ಫ್ಲೋರಿಡಾದ ಡೇಡ್ ಪ್ರಾಂತದಲ್ಲಿಯೂ ಪ್ರಯೋಗ ಪುನರಾವರ್ತನೆಯಾಯಿತು. ಉತ್ತರಗಳು ಒಂದಕ್ಕೊಂದು ಹೊಂದಲಿಲ್ಲ. ಒಮಾಹಾ, ಷಾರ್ಲಟ್‌ಗಳಲ್ಲಿ ದಸ್ತಗಿರಿಯಿಂದ ವಿಶೇಷ ಲಾಭ ಕಾಣಲಿಲ್ಲ. ಮಿಲ್ವಾಕಿಯಲ್ಲಿ, ಉದ್ಯೋಗವುಳ್ಳವನು ದಸ್ತಗಿರಿಯಿಂದ ತಗ್ಗಿದರೆ, ನಿರುದ್ಯೋಗಿಯು ಬಿಡುಗಡೆಯಾಗಿ ಬಂದು ಹೆಚ್ಚು ಹಿಂಸಾಪರನಾದನು. ಕೆಲಸವೂ ಮಾನವೂ ಹೋಗುವ ಭಯವಿದ್ದವನಿಗೆ ಮಾತ್ರ ಬೇಡಿ ಬೆದರಿಸೀತೆಂದು ಇದರಿಂದ ಊಹಿಸಿದವರುಂಟು. ಕಡ್ಡಾಯದ ಕಾನೂನುಗಳನ್ನು ರದ್ದುಮಾಡಬೇಕೆಂದು 1992ರಲ್ಲಿ ಬರೆದವರು ಬೇರೆ ಯಾರೂ ಅಲ್ಲ, ಸ್ವತಃ ಶೆರ್ಮನ್ನರು. ಕಾನೂನುಗಳು ಬಹುಮಟ್ಟಿಗೆ ಇದ್ದಲ್ಲಿಯೇ ಇದ್ದುವು. ಕೊನೆಗೆ ಮ್ಯಾಕ್ಸ್‌ವೆಲ್, ಗಾರ್ನರ್, ಫೇಗನ್ ಎಂಬ ಮೂವರು ವಿದ್ವಾಂಸರು ಐದೂ ಊರುಗಳ ಕಡತಗಳನ್ನು ಕೂಡಿಸಿ, 4,000ಕ್ಕೂ ಮೇಲ್ಪಟ್ಟ ಪ್ರಕರಣಗಳನ್ನು ಒಟ್ಟಿಗೆ ಲೆಕ್ಕಹಾಕಿ 2001ರಲ್ಲಿ ಕೊಟ್ಟ ಉತ್ತರ ಸಾಧಾರಣವಾದುದು: ದಸ್ತಗಿರಿಯಿಂದ ಹಿಂಸೆ ಕಡಿಮೆಯಾಗುವುದು ನಿಜ, ಆದರೆ ಸ್ವಲ್ಪವೇ, ಹಿಡಿದರೂ ಬಿಟ್ಟರೂ ಬಹುಮಂದಿ ಗಮನಿಸಿದ ಅವಧಿಯಲ್ಲಿ ಮತ್ತೆ ಹೊಡೆಯಲಿಲ್ಲ, ಹಿಡಿದರೂ ಬಿಡದೆ ಹೊಡೆಯುವ ಕೆಲವರು ಮಾತ್ರ ಇದ್ದೇ ಇದ್ದರು. ಭಂಡಾರದ ಆ ಕರಾರು ಇಲ್ಲದಿದ್ದರೆ ಇಂಥ ಕೂಡುಲೆಕ್ಕ ಸುಲಭಸಾಧ್ಯವಾಗುತ್ತಿರಲಿಲ್ಲ.

ಈಚಿನ ಕಾಲದ ಇನ್ನೊಂದು ಕಾರ್ಯವನ್ನು ಹೇಳಬೇಕು. ಡೆಟ್ರಾಯಿಟ್ ಪೊಲೀಸರ ಉಗ್ರಾಣವೊಂದರಲ್ಲಿ, ಅತ್ಯಾಚಾರಕ್ಕೊಳಗಾದವರ ದೇಹದಿಂದ ಗಂಟೆಗಟ್ಟಲೆ ಪರೀಕ್ಷೆ ನಡೆಸಿ ತೆಗೆದ ಸಾಕ್ಷ್ಯದ 11,000ಕ್ಕೂ ಹೆಚ್ಚು ಕಿಟ್‌ಗಳು 2009ರಲ್ಲಿ ಸಿಕ್ಕಿದುವು. ಬಹುಪಾಲು ಪ್ರಯೋಗಶಾಲೆಯ ಮುಖವನ್ನೇ ಕಂಡಿರಲಿಲ್ಲ. ಸಂಸ್ಥೆ 2011ರಲ್ಲಿ ಡೆಟ್ರಾಯಿಟ್ಟಿಗೂ ಹ್ಯೂಸ್ಟನ್ನಿಗೂ ಅನುದಾನವಿತ್ತಿತು. ಡೆಟ್ರಾಯಿಟ್ಟಿನ ಸಂಶೋಧನೆಯನ್ನು ವಹಿಸಿಕೊಂಡ ರೆಬೆಕಾ ಕ್ಯಾಂಪ್‌ಬೆಲ್ ಅವರ ವರದಿ, ಹಣದ ಕೊರತೆಯ ಜೊತೆಗೆ, ದೂರು ಕೊಟ್ಟವಳನ್ನೇ ಸುಳ್ಳುಗಾತಿಯೆಂದು ಎಣಿಸುವ ಪೊಲೀಸರ ಮನೋವೃತ್ತಿಯನ್ನೂ ಮುಚ್ಚಿಡದೆ ಬರೆಯಿತು. ಉಳಿದುದು ಸೂಕ್ಷ್ಮವಾದ ಕೆಲಸ: ಎಷ್ಟೋ ವರ್ಷ ಕಳೆದ ಮೇಲೆ ಆ ಹೆಂಗಸರಿಗೆ ಅವರ ಕಿಟ್‌ನ ಸುದ್ದಿ ಮುಟ್ಟಿಸುವುದು ಹೇಗೆ? ಡೆಟ್ರಾಯಿಟ್ಟಿನಲ್ಲಿ ತರಬೇತಾದ ತನಿಖೆಗಾರರು ಖುದ್ದಾಗಿ ಹೋಗಿ ತಿಳಿಸುವ ಕ್ರಮವನ್ನು ರೂಪಿಸಿದರು. ಹ್ಯೂಸ್ಟನ್ನಿನಲ್ಲಿ, ತಿಳಿಯಬಯಸುವವಳು ತಾನೇ ಕರೆ ಮಾಡಬಹುದಾದ ದೂರವಾಣಿಯೊಂದನ್ನು ತೆರೆದರು. ಕೇಳಬೇಕೋ ಬೇಡವೋ ಎಂಬುದನ್ನು ಅವಳಿಗೇ ಬಿಡುವುದರಿಂದ ನನಗೆ ಹ್ಯೂಸ್ಟನ್ನಿನ ಮಾರ್ಗವೇ ರುಚಿಸುತ್ತದೆಯಾದರೂ, ಅಂಥ ದೂರವಾಣಿ ಇದೆಯೆಂಬ ಸಂಗತಿ ಕಿವಿಗೆ ಬೀಳದವರ ಮಟ್ಟಿಗೆ ಡೆಟ್ರಾಯಿಟ್ಟಿನ ಕ್ರಮವೊಂದೇ ದಾರಿ.