ಕಾರವಾರ ಮುಟ್ಟದ ದೋಣಿ

ಮುಂಡಗೋಡದ ದಿಬ್ಬಗಳ ಮೇಲೆ ಬಿದ್ದ ಮಳೆಗೆ ಎರಡು ದಾರಿಗಳುಂಟು. ಒಂದು ಪಾಲು ಬೇಡ್ತಿಯನ್ನು ಸೇರಿ ಪಡುವಣ ಕಡಲಿಗೆ ಇಳಿಯುತ್ತದೆ. ಇನ್ನೊಂದು ಪಾಲು ಧರ್ಮಾ ನದಿಯಾಗಿ ಹರಿದು, ವರದೆಯ ಮೂಲಕ ತುಂಗಭದ್ರೆಯನ್ನು ಕೂಡಿ, ನೂರಾರು ಮೈಲಿ ಸುತ್ತಿ ಮೂಡಣ ಕಡಲನ್ನು ಮುಟ್ಟುತ್ತದೆ. ಈ ಎರಡು ಕಡಲುಗಳ ನಡುವೆ ದೋಣಿಯ ದಾರಿಯನ್ನು ತೆರೆಯಬೇಕೆಂದು ಹಂಬಲಿಸಿದ ಆಂಗ್ಲ ಇಂಜಿನಿಯರರೊಬ್ಬರಿದ್ದರು. ಅವರೇ ಸರ್ ಆರ್ಥರ್ ಕಾಟನ್.

1803ರಲ್ಲಿ ಜನಿಸಿದ ಕಾಟನ್ನರು 1821ರಲ್ಲಿ ಮದರಾಸು ಪ್ರಾಂತಕ್ಕೆ ಬಂದರು. ಮರಳಿನ ಮೇಲೆ ಕಟ್ಟೆ ನಿಲ್ಲಿಸುವ ಗುಟ್ಟನ್ನು ಕಾವೇರಿಯ ಪುರಾತನ ಕಲ್ಲಣೆಯಿಂದ ಕಲಿತರು. 1836ರಲ್ಲಿ ಕೊಳ್ಳಿಡಂ ಅಣೆಕಟ್ಟು, 1847ರಿಂದ 1852ರವರೆಗೆ ಗೋದಾವರಿಯ ಧವಳೇಶ್ವರದ ಅಣೆಕಟ್ಟು ಅವರ ನೇತೃತ್ವದಲ್ಲಿ ಎದ್ದವು. ಕ್ಷಾಮದಲ್ಲಿ ಬೆಂದಿದ್ದ ಗೋದಾವರಿಯ ಮುಖಜಭೂಮಿ ಭತ್ತದ ಕಣಜವಾಯಿತು. ಅಲ್ಲಿಯ ಕಾಲುವೆಗಳು ಪೈರಿಗೆ ನೀರನ್ನೂ ದೋಣಿಗೆ ಹಾದಿಯನ್ನೂ ಒದಗಿಸಿದವು.

ಆದರೆ ತುಂಗಭದ್ರೆಯಲ್ಲಿ ಅದೃಷ್ಟ ಕೈಕೊಟ್ಟಿತು. ಖಾಸಗಿ ಕಂಪನಿಯೊಂದು ಸುಂಕೇಸುಲದಿಂದ ಕಡಪದವರೆಗೆ ತೋಡಿಸಿದ ಕಾಲುವೆಯ ವೆಚ್ಚ ಅಂದಾಜನ್ನು ಮೀರಿತು. ಒಣ ಬೇಸಾಯಕ್ಕೆ ಒಗ್ಗಿದ್ದ ರೈತರು ನೀರಿಗೆ ಹಣ ತೆರಲು ಮುಂದಾಗಲಿಲ್ಲ. 1882ರಲ್ಲಿ ಸರಕಾರವೇ ಅದನ್ನು ಕೊಳ್ಳಬೇಕಾಯಿತು.

ಆದರೂ ಕಾಟನ್ನರ ನಂಬಿಕೆ ಅಲುಗಲಿಲ್ಲ. ಭಾರತಕ್ಕೆ ಬೇಕಾದುದು ರೈಲಿಗಿಂತ ಅಗ್ಗವಾದ ಜಲಮಾರ್ಗವೆಂದು 1878ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿಯ ಮುಂದೆ ಅವರು ವಾದಿಸಿದರು. ಅವರು ಸೂಚಿಸಿದ ಮಾರ್ಗಗಳಲ್ಲಿ ತುಂಗಭದ್ರೆಯಿಂದ ಕಾರವಾರಕ್ಕೆ ಸಾಗುವುದೂ ಒಂದು. ಸಮಿತಿ ಒಪ್ಪಲಿಲ್ಲ.

ಒಪ್ಪಿದ್ದರೂ ಸಹ್ಯಾದ್ರಿ ಒಪ್ಪುತ್ತಿತ್ತೇ? ಸಾವಿರದ ಐನೂರು ಅಡಿಗೂ ಮಿಕ್ಕ ಎತ್ತರದಿಂದ ಕಡಲಿನ ಮಟ್ಟಕ್ಕೆ ದೋಣಿಯನ್ನು ಇಳಿಸಲು, ಬಾಗಿಲುಳ್ಳ ನೀರಿನ ಕಟ್ಟೆಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಕಟ್ಟಬೇಕು. ದೋಣಿ ಹಾಯ್ದಾಗಲೆಲ್ಲ ಮೇಲಿನಿಂದ ನೀರು ಇಳಿದುಹೋಗುತ್ತದೆ. ಬೇಸಗೆಯಲ್ಲಿ ಆ ನೆತ್ತಿಯ ಮೇಲೆ ಅಷ್ಟು ನೀರೆಲ್ಲಿಯದು?

ಕಾಡಿನ ಮರವನ್ನು ಸಾಗಿಸಲು 1919ರಲ್ಲಿ ಅಳ್ನಾವರದಿಂದ ದಾಂಡೇಲಿಗೆ ಬಂದುದು ರೈಲೇ. ದೋಣಿಗೆ ತೊಡಕಾಗಬಹುದಾಗಿದ್ದ ಇಳಿಜಾರೇ ಮುಂದೆ ವರವಾಯಿತು. ಜೋಯಿಡಾ ತಾಲೂಕಿನ ಸೂಪಾದಲ್ಲಿ ತಡೆದ ಕಾಳಿಯ ನೀರೂ ಹಳಿಯಾಳದ ತಟ್ಟಿಹಳ್ಳದ ನೀರೂ ವಿದ್ಯುತ್ ಯಂತ್ರಗಳನ್ನು ತಿರುಗಿಸುತ್ತಿವೆ. ಅದಕ್ಕೆ ಬೆಲೆಯನ್ನೂ ತೆರಬೇಕಾಯಿತು. ಸೂಪಾ ಊರೇ ಮುಳುಗಿತು. ತಾಲೂಕಿನ ಕಚೇರಿ ಜೋಯಿಡಾಕ್ಕೆ ಹೋಯಿತು.

ಕಾಟನ್ನರು 1899ರಲ್ಲಿ, ತಮ್ಮ ತೊಂಬತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡರು. ತುಂಗಭದ್ರೆಯ ನೀರನ್ನು ಕೂಡಿಡಬೇಕೆಂದು 1860ರಲ್ಲಿ ಅವರು ಕೊಟ್ಟ ಸೂಚನೆ ಮಾತ್ರ ವ್ಯರ್ಥವಾಗಲಿಲ್ಲ. 1953ರಲ್ಲಿ ಹೊಸಪೇಟೆಯ ಬಳಿ ಜಲಾಶಯ ತುಂಬಿತು. ಬಳ್ಳಾರಿ ರಾಯಚೂರುಗಳ ಒಣನೆಲಕ್ಕೆ ನೀರು ಹರಿಯಿತು. ಮುಂಡಗೋಡದ ಮಳೆಯಲ್ಲಿ ಧರ್ಮೆಯ ಪಾಲೂ ಆ ಜಲಾಶಯವನ್ನೇ ಸೇರುತ್ತದೆ.