ಸ್ಲೈಡಿನೊಡನೆ ಪ್ರಾತ್ಯಕ್ಷಿಕೆಯೂ ದೊರೆಯಬೇಕು

2009ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಮೊದಲ ಭಾರತೀಯ ಸಮ್ಮೇಳನ 'ಪೈಕಾನ್ ಇಂಡಿಯಾ' ಜರುಗಿತು. ಇಂತಹ ಸಮ್ಮೇಳನಗಳಲ್ಲಿ ಉಪನ್ಯಾಸಕಾರರು ಸ್ಲೈಡುಗಳನ್ನು ತೋರಿಸುವುದಲ್ಲದೆ ಪ್ರೋಗ್ರಾಮನ್ನು ಸಭೆಯೆದುರು ನಡೆಸಿಯೂ ತೋರಿಸುತ್ತಾರೆ. ಬಳಿಕ ಇವುಗಳನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ಒದಗಿಸುವುದು ರೂಢಿ. ಉಮರ್ಗಾ, ನಿಲಂಗಾ, ಉದಗೀರಗಳಿಂದ ಬೆಂಗಳೂರಿಗೆ ಹೋಗಲಾಗದ ವಿದ್ಯಾರ್ಥಿಯ ಪಾಲಿಗೆ ಸಮ್ಮೇಳನವೆಂದರೆ ಆ ಕಡತಗಳೇ. ಆದುದರಿಂದ ಅವುಗಳನ್ನು ಹಂಚುವ ಕ್ರಮ ಮುಖ್ಯವಾದುದು.

'ಕನ್ನಡ' ಎಂಬ ಪದವನ್ನೇ ನೋಡಬಹುದು. ವ್ಯಾಕರಣ ಬಲ್ಲವರಿಗೆ ಅದರಲ್ಲಿ ಮೂರು ಅಕ್ಷರಗಳು: ಕ, ನ್ನ, ಡ. ಆದರೆ ಪದದ ಉದ್ದವೆಷ್ಟೆಂದು ಪೈಥಾನ್ 3ನ್ನು ಕೇಳಿದರೆ 5 ಎನ್ನುತ್ತದೆ. ಏಕೆಂದರೆ ಯೂನಿಕೋಡ್ 'ನ್ನ' ಎಂಬ ಸಂಯುಕ್ತಾಕ್ಷರವನ್ನು ನಕಾರ, ಹಲಂತ ಚಿಹ್ನೆ, ಮತ್ತೊಂದು ನಕಾರ ಎಂದು ಬಿಡಿಸಿ ಇಡುತ್ತದೆ. ಯುಟಿಎಫ್-8 ಕಡತದಲ್ಲಿ ಬರೆದ ಅದೇ ಪದಕ್ಕೆ ಪೈಥಾನ್ 2 ಸಾಮಾನ್ಯವಾಗಿ 15 ಎನ್ನುತ್ತದೆ. ಅದು ಎಣಿಸುವುದು ಬೈಟುಗಳನ್ನು, ಒಂದೊಂದು ಸಂಕೇತಕ್ಕೆ ಮೂರರಂತೆ. ಸ್ಲೈಡಿನಲ್ಲಿ ಬರಿಯ '5' ಎಂದಿದ್ದರೆ ಓದುಗನು ಅದನ್ನು ತಪ್ಪೆಂದೇ ಭಾವಿಸಿಯಾನು.

ಆದುದರಿಂದ ಪ್ರಾತ್ಯಕ್ಷಿಕೆಯನ್ನು ಹಂಚುವಾಗ ಪ್ರೋಗ್ರಾಮಿನ ಸಾಲುಗಳು, ಭಾಷೆಯ ಆವೃತ್ತಿ, ಬಳಸಿದ ಪದಗಳು, ಬರಬೇಕಾದ ಉತ್ತರ ಮತ್ತು ನಡೆಸುವ ವಿಧಾನ ಇವೆಲ್ಲವೂ ಇರಬೇಕು. ಸಾಲುಗಳನ್ನು ಚಿತ್ರವಾಗಿ ಕೊಡದೆ, ನಕಲಿಸಿ ನಡೆಸಬಹುದಾದ ಪಠ್ಯವಾಗಿ ಕೊಡಬೇಕು. ಇತರರು ಬಳಸಲು, ತಿದ್ದಲು ಅನುಮತಿಯಿದೆಯೆಂಬುದನ್ನೂ ಬರೆದಿರಬೇಕು.

ಸ್ಲೈಡುಗಳ ಕನ್ನಡಕ್ಕೂ ಎಚ್ಚರ ಅಗತ್ಯ. ಯೂನಿಕೋಡಿಗೆ ಮುಂಚಿನ ನುಡಿ, ಬರಹ ಫಾಂಟುಗಳಲ್ಲಿ ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕೃತಿಗಳಿರುತ್ತವೆ. ಆ ಫಾಂಟಿಲ್ಲದ ಗಣಕದಲ್ಲಿ ಅರ್ಥವಿಲ್ಲದ ರೋಮನ್ ಸಾಲುಗಳು ಮಾತ್ರ ಕಾಣುತ್ತವೆ. ಯೂನಿಕೋಡಿನಲ್ಲಿ ಬರೆದು, ಫಾಂಟನ್ನು ಒಳಗೊಂಡ ಪಿಡಿಎಫ್ ಮಾಡಿದರೆ ಈ ತೊಡಕಿಲ್ಲ.

ನಿಲಂಗಾ, ಉದಗೀರ ತಾಲ್ಲೂಕುಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಬೀದರ ಜಿಲ್ಲೆಯಲ್ಲಿದ್ದವು. ಕನ್ನಡ, ಮರಾಠಿಗಳೆರಡನ್ನೂ ಓದಬಲ್ಲ ಇಲ್ಲಿಯ ವಿದ್ಯಾರ್ಥಿಯು ಅದೇ ಪ್ರೋಗ್ರಾಮಿಗೆ 'ಮರಾಠಿ' ಎಂಬ ಪದವನ್ನು ದೇವನಾಗರಿಯಲ್ಲಿ ಕೊಟ್ಟು ನೋಡಬಹುದು. ಪೈಥಾನ್ 3ರ ಉತ್ತರ ಆಗಲೂ 5. ಆದರೆ ಅಲ್ಲಿ ಹೆಚ್ಚಿದ ಎರಡು ಸಂಕೇತಗಳು ಸ್ವರಚಿಹ್ನೆಗಳು, ಒತ್ತಕ್ಷರ ಅಲ್ಲಿಲ್ಲ. ಬರಿಯ ಸ್ಲೈಡು ಕೈಸೇರಿದವನಿಗೆ ಈ ಪ್ರಯೋಗ ಸಾಧ್ಯವಿಲ್ಲ. ಪ್ರೋಗ್ರಾಮು ಕೈಸೇರಿದವನು ಉಪನ್ಯಾಸಕಾರರು ಕೇಳದ ಪ್ರಶ್ನೆಯನ್ನೂ ಕೇಳಬಲ್ಲನು.